ಗಾಜಿನ ಬಣ್ಣದ ನೆರಳು: ಒಂದು ಸ್ಪಷ್ಟನೆ

ಪಿಂಗಾಣಿ ಭರಣಿ ಹಾಗೂ ಬಣ್ಣದ ಗಾಜಿನ ಬಾಟಲಿಗಳ ವಸ್ತುಚಿತ್ರದಲ್ಲಿ ನೆರಳು ಬೂದು ಬಣ್ಣದ್ದೇ ಆಗಿರಬೇಕು, ಹಸಿರು ಅಥವಾ ನೀಲಿ ನೆರಳು ಬರೆದರೆ ಅದು ದೋಷ ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಚಿತ್ರಕಲಾ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಪಿಂಗಾಣಿ ಬೆಳಕನ್ನು ತಡೆಯುತ್ತದೆ. ಗಾಜು ತನ್ನ ಬಣ್ಣದ ಬೆಳಕನ್ನು ಒಳಗಿನಿಂದ ಹಾಯಲು ಬಿಡುತ್ತದೆ. ಆದ್ದರಿಂದ ಗೋಲಿ ಸೋಡಾದ ಬಾಟಲಿಯನ್ನು ಬೆಳಗಿನ ಬಿಸಿಲಿರುವ ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲಿಟ್ಟರೆ ನೆರಳಿಗೆ ತಿಳಿಹಸಿರು ಛಾಯೆ ಬರುವುದಲ್ಲದೆ, ಬಾಟಲಿಯಲ್ಲಿ ನೀರಿದ್ದರೆ ಅದು ಮಸೂರದಂತೆ ಬೆಳಕನ್ನು ಕೂಡಿಸಿ, ನೆರಳಿನ ನಡುವೆಯೇ ಪ್ರಖರವಾದ ಗೆರೆಯೊಂದನ್ನು ಮೂಡಿಸುತ್ತದೆ. ಹೊಳಪಿನ ಚುಕ್ಕೆಯ ವಿಷಯ ಬೇರೆ: ನೀಲಿ ಭರಣಿಯ ಮೇಲೂ ಅದು ಕಿಟಕಿಯ ಬೆಳಕಿನ ಬಣ್ಣದಲ್ಲೇ ಇರುತ್ತದೆ.

ನೆರಳು ಬೂದು ಬಣ್ಣದ್ದೇ ಆಗಿರಬೇಕೆಂಬ ವಾದಕ್ಕೆ ಇಟಲಿಯ ಚಿತ್ರಕಾರ ಜಾರ್ಜಿಯೊ ಮೊರಾಂಡಿ (1890–1964) ಅವರ ಮಂದ ಬಣ್ಣದ ಬಾಟಲಿಗಳನ್ನು ಸಾಕ್ಷಿಯಾಗಿ ತರಲಾಗಿದೆ. ಆದರೆ ಹೊಳಪು ಕಾಣದಿರಲೆಂದು ಅವರು ಎಷ್ಟೋ ಬಾಟಲಿಗಳಿಗೆ ಮೊದಲೇ ಬಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಗಾಜು ಗಾಜಿನಂತೆ ವರ್ತಿಸುವುದಿಲ್ಲ. ಅದು ಅವರ ಆಯ್ಕೆಯೇ ಹೊರತು (ಸೊಗಸಾದ ಆಯ್ಕೆಯೇ ಹೌದು) ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ.