ಲಿಂಕ್ ಕಳಸ್ರಿ, ನೋಡೂಣು

ನಮ್ಮ ಧಾರವಾಡದ ಕಡೆ ‘ಇಲ್ಲ’ ಎನ್ನುವ ಶಬ್ದವನ್ನು ಮರ್ಯಾದಸ್ಥರು ಬಳಸುವುದಿಲ್ಲ. ಅದರ ಬದಲಿಗೆ ‘ನೋಡೂಣು’ ಅನ್ನುತ್ತಾರೆ. ಕೈಗಡ ಕೇಳಲು ಬಂದವನಿಗೆ ನೋಡೂಣು. ಈ ವರ್ಷವಾದರೂ ಮನೆಗೆ ಸುಣ್ಣ ಹೊಡೆಸೋಣ ಎಂದ ಹೆಂಡತಿಗೆ ನೋಡೂಣು. ‘ನೋಡೂಣಂತ, ಮೊದಲ ಚಾ ಕುಡೀರಿ’ ಅಂದರೆ ಆ ವಿಷಯದ ತಿಥಿಯೂಟ ಕೂಡ ಮುಗಿಯಿತು ಅಂತ ತಿಳಿದು ಎದ್ದು ಬರಬೇಕು. ಈಗ ಇದರ ಹೊಸ ಆವೃತ್ತಿ ಬಂದಿದೆ: ‘ಲಿಂಕ್ ಕಳಸ್ರಿ, ನೋಡೂಣು.’

ಕಳೆದ ಒಂದು ತಿಂಗಳಲ್ಲಿ ಇದನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವನು ನಮ್ಮ ಓಣಿಯ ಹುಡುಗ. ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ಎರಡು ವರ್ಷ ನೌಕರಿ ಮಾಡಿ, ಬಿಟ್ಟು, ಈಗ ಮದುವೆಗಳ ವಿಡಿಯೊ ತೆಗೆದು ಹೊಟ್ಟೆ ಹೊರೆಯುತ್ತಾನೆ. ಗದಗ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡಾಟದ, ಅಂದರೆ ನಮ್ಮ ಕಡೆಯ ಬಯಲಾಟದ, ಕಿರೀಟ, ಭುಜಕೀರ್ತಿ ಮಾಡುವ ಮುದುಕನೊಬ್ಬನಿದ್ದಾನೆ. ಅವನ ಮೇಲೊಂದು ಸಾಕ್ಷ್ಯಚಿತ್ರ ಮಾಡಬೇಕು ಅಂತ ಇವನ ಹಟ. ಮೊಬೈಲಿನಲ್ಲಿ ಒಂದಿಷ್ಟು ತೋರಿಸಿದ. ಮುದುಕ ಬೇಗಡೆಯ ಮೇಲೆ ಒಂದೊಂದೇ ಕನ್ನಡಿ ಚೂರು ಅಂಟಿಸುತ್ತಾನೆ. ಅಂಟಿಸುವ ಮೊದಲು ಪ್ರತಿಯೊಂದರಲ್ಲೂ ತನ್ನ ಹಲ್ಲು ನೋಡಿಕೊಳ್ಳುತ್ತಾನೆ. ಉಳಿದಿರುವುದು ಮೂರು ಹಲ್ಲು. ಅಷ್ಟು ಹೊತ್ತಿಗೆ ನನಗೆ ಚಿತ್ರ ಇಷ್ಟವಾಗಿಬಿಟ್ಟಿತ್ತು. ಬೇಕಾದದ್ದು 3 ಲಕ್ಷ ರೂಪಾಯಿ, 45 ದಿನದೊಳಗೆ. ಕ್ರೌಡ್‌ಫಂಡಿಂಗ್, ಅಂದರೆ ಆನ್‌ಲೈನಿನಲ್ಲಿ ಲಿಂಕ್ ಹಂಚಿ ಹತ್ತಾರು ಜನರಿಂದ ಚೂರುಚೂರು ದುಡ್ಡು ಕೂಡಿಸುವುದು.

ಈ ಮಾತು ಇವನ ತಲೆಗೆ ಹೊಕ್ಕದ್ದು ಆ ಭಾಷಣದಿಂದ. ವಾಟ್ಸ್‌ಆ್ಯಪಿನಲ್ಲಿ ನೀವೂ ನೋಡಿರುತ್ತೀರಿ, ನೋಡದೆ ಎಲ್ಲಿಗೆ ಹೋಗುತ್ತೀರಿ. ಕಲಾವಿದರ ಸಮಾವೇಶಕ್ಕೆ ಎರಡು ತಾಸು ತಡವಾಗಿ ಬಂದ ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ‘ಕಲಾವಿದರು ಸರ್ಕಾರದ ಮುಂದೆ ಕೈಚಾಚುವುದನ್ನು ಬಿಡಬೇಕು, ಸ್ವಾಭಿಮಾನದಿಂದ ಕ್ರೌಡ್‌ಫಂಡಿಂಗ್ ಮಾಡಿಕೊಳ್ಳಬೇಕು’ ಎಂದರು. ಏನು ಮಾತು! ಕೈ ಚಾಚಬಾರದು, ಕ್ಯೂಆರ್ ಕೋಡ್ ಚಾಚಬೇಕು. ಇಷ್ಟು ಹೇಳುವಾಗ ಅವರ ಕೊರಳಲ್ಲಿ ಏಲಕ್ಕಿ ಹಾರ, ತಲೆಗೆ ಪೇಟಾ, ಹೆಗಲಿಗೆ ಶಾಲು, ಪಕ್ಕದ ಸಹಾಯಕನ ಕೈಯಲ್ಲಿ ಪೇಢೆಯ ಡಬ್ಬಿ. ಕಲಾವಿದರಿಗೆ ಪ್ರಮಾಣಪತ್ರ ಕೊಟ್ಟರು. ಪ್ರಯಾಣಭತ್ಯೆ? ಬಿಲ್ ಪಾಸಾದ ಮೇಲೆ ನೋಡೂಣು.

ಏಲಕ್ಕಿ ಹಾರ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು ಆಡದೆ ಮುಂದೆ ಹೋದರೆ ಹಾವೇರಿಯವರು ಬೇಜಾರಾದಾರು. ಹಾವೇರಿ ಹೊಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಏಲಕ್ಕಿ ಬರುವುದು ಮಲೆನಾಡಿನಿಂದ. ಹಾವೇರಿಯಲ್ಲಿ ಬೆಳೆಯುವುದು ಹಾರ ಮಾತ್ರ. ಒಂದೊಂದೇ ಕಾಯಿ ಆರಿಸಿ, ಬಿಳುಪು ಮಾಡಿ, ಉಲ್ಲನ್ ದಾರ, ಮಣಿ ಸೇರಿಸಿ ಪೋಣಿಸುತ್ತಾರೆ. ನಿಜವಾಗಿ ಕಲೆಯೇ ಅದು. ಈ ಭಾಗದಲ್ಲಿ ಕ್ರೌಡ್‌ಫಂಡಿಂಗ್ ಬೇಡದ ಏಕೈಕ ಕಲೆಯೂ ಅದೇ ಇರಬೇಕು, ಯಾಕೆಂದರೆ ಅದಕ್ಕೆ ಖಾಯಂ ಕೊರಳುಗಳಿವೆ. ದೊಡ್ಡಾಟದವನ ಕಿರೀಟಕ್ಕೆ ಖಾಯಂ ತಲೆ ಇಲ್ಲ, ಅಷ್ಟೇ ಫರಕು. ಹಾರ ಹಾಕಿಸಿಕೊಂಡವರು ಮನೆಗೆ ಹೋಗಿ ಅದನ್ನು ಏನು ಮಾಡುತ್ತಾರೆ ಎಂಬುದು ನನಗೆ ಬಹಳ ದಿನದ ಕುತೂಹಲ. ಶಿರಾಕ್ಕೆ ಹಾಕುತ್ತಾರೆಯೇ?

ಇರಲಿ. ಮುಖ್ಯ ಅತಿಥಿಗಳು ಇದೇನೋ ಕಳೆದ ವಾರ ವಿಮಾನದಲ್ಲಿ ಬಂದಿಳಿದ ಹೊಸ ವಿದ್ಯೆ ಅನ್ನುವಂತೆ ಮಾತಾಡಿದರು. ನಾವು ಇದಕ್ಕೆ ‘ಪಟ್ಟಿ ಎತ್ತೂದು’ ಅನ್ನುತ್ತೇವೆ, ಅಂದರೆ ಚಂದಾ ಕೂಡಿಸುವುದು. 1933ರಲ್ಲಿ ಜಿ.ಬಿ. ಜೋಶಿಯವರು ಇದೇ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ತಂದರು. 1976ರಲ್ಲಿ ಶ್ಯಾಮ್ ಬೆನಗಲ್ ‘ಮಂಥನ್’ ಸಿನಿಮಾ ಮಾಡಿದಾಗ ಗುಜರಾತಿನ ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ನಿರ್ಮಾಪಕರಾದರು. ಅದರ ನಾಯಕ ಡಾಕ್ಟರ್ ರಾವ್ ಪಾತ್ರ ಮಾಡಿದವರು ನಮ್ಮ ಧಾರವಾಡದ ಗಿರೀಶ ಕಾರ್ನಾಡರೇ. ತಮ್ಮ ಸಿನಿಮಾ ನೋಡಲು ರೈತರು ಟ್ರಕ್ಕು ಮಾಡಿಕೊಂಡು ಬಂದರು. ಆಮೇಲೆ ನಮ್ಮ ‘ಲೂಸಿಯಾ’. ನಿರ್ಮಾಪಕರು ಸಿಗದೆ ಪವನ್ ಕುಮಾರ್ ಜನರ ಮುಂದೆಯೇ ಹೋದರು, ಒಂದು ತಿಂಗಳೊಳಗೆ ಸುಮಾರು 50 ಲಕ್ಷ ಕೂಡಿತು, 2013ರಲ್ಲಿ ಚಿತ್ರ ತೆರೆಗೆ ಬಂತು. ಹಂಗಂತ ಇದು ಸುಳ್ಳು ವಿದ್ಯೆ ಅಲ್ಲ. ಆಗುತ್ತದೆ. ಆಗಿದೆ.

ಇನ್ನು ಗದಗದ ವೀರೇಶ್ವರ ಪುಣ್ಯಾಶ್ರಮದ್ದು ಪೂರ್ತಿ ಉಲ್ಟಾ ಲೆಕ್ಕ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಹಾಕಲು ನಾಟಕ ಕಂಪನಿ ಕಟ್ಟಿದರು. ನಾಟಕಕ್ಕಾಗಿ ದುಡ್ಡು ಎತ್ತಲಿಲ್ಲ, ದುಡ್ಡಿಗಾಗಿ ನಾಟಕ ಎತ್ತಿದರು. ಅಂಥ ಊರಿನ ಪಕ್ಕದ ಹುಡುಗನಿಗೆ ಸ್ವಾಭಿಮಾನದ ಪಾಠ ಹೇಳುವ ಧೈರ್ಯ ಏಲಕ್ಕಿ ಹಾರ ಹಾಕಿಕೊಂಡವರಿಗೆ ಮಾತ್ರ ಬರುತ್ತದೆ.

ಹಳ್ಳಿ ನಾಟಕಗಳದ್ದು ಇನ್ನೂ ಮಜಾ. ನಮ್ಮ ಅಜ್ಜನ ಊರಲ್ಲಿ ಜಾತ್ರೆ ನಾಟಕ ಅಂದರೆ ಪಾರ್ಟು ಮಾಡುವವನೇ ದುಡ್ಡು ಕಟ್ಟಬೇಕು. ಹೆಚ್ಚು ಕಟ್ಟಿದವನು ದುರ್ಯೋಧನ. ಕಡಿಮೆ ಕಟ್ಟಿದವನು ಸಾರಥಿ. ಏನೂ ಕಟ್ಟದವನು ಪರದೆ ಎಳೆಯುವವನು. ಊರ ಗೌಡರ ಮಗನಿಗೆ ಒಂದು ಮಾತೂ ನೆಟ್ಟಗೆ ಬರುತ್ತಿರಲಿಲ್ಲ, ಆದರೆ ಸತತ ಆರು ವರ್ಷ ಅವನೇ ದುರ್ಯೋಧನ. ಗದೆ ಎತ್ತಿ ‘ಎಲವೋ ಭೀಮಾ’ ಅಂದು ಮುಂದಿನ ಮಾತಿಗಾಗಿ ಪರದೆಯ ಕಡೆ ನೋಡುತ್ತಿದ್ದ. ಪರದೆ ಎಳೆಯುವವನಿಗೆ ಇಡೀ ನಾಟಕ ಬಾಯಿಪಾಠ. ನಡುವೆ ಹಾರ್ಮೋನಿಯಂ ನಿಲ್ಲಿಸಿ ಮೈಕಿನಲ್ಲಿ ಆಯಾರ, ಅಂದರೆ ಬಂದ ಉಡುಗೊರೆ, ಕೂಗುತ್ತಿದ್ದರು: ಇಂಥವರಿಂದ ದ್ರೌಪದಿ ಪಾತ್ರಧಾರಿಗೆ ಹನ್ನೊಂದು ರೂಪಾಯಿ! ಸೀರೆ ಸೆಳೆಯುವ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ದುಶ್ಯಾಸನ ಸೆರಗು ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ಒದ್ದಾಡುತ್ತಿದ್ದ.

ಇದೇ ವ್ಯವಸ್ಥೆಗೆ ಈಗ ‘ರಿವಾರ್ಡ್’ ಅಂತ ಹೆಸರು. ಹುಡುಗ ತನ್ನ ಪುಟದಲ್ಲಿ ಬರೆದಿದ್ದ: 500 ರೂಪಾಯಿಗೆ ಧನ್ಯವಾದ, 2,000ಕ್ಕೆ ಪೋಸ್ಟರ್, 10,000ಕ್ಕೆ ಚಿತ್ರದ ಕೊನೆಯಲ್ಲಿ ಹೆಸರು, 50,000ಕ್ಕೆ ಸಹನಿರ್ಮಾಪಕ. ನಮ್ಮ ಬಡಾವಣೆಯ ಒಬ್ಬ ಮಹನೀಯರು 501 ಹಾಕಿದರು. ಅಂದಿನಿಂದ ಹುಡುಗನಿಗೆ ನಿದ್ದೆಯಿಲ್ಲ.

‘ನನ್ನ ಹೆಸರು ಎಲ್ಲಿ ಬರ್ತದ ತಮ್ಮಾ?’

‘ಸರ್, 500ಕ್ಕ ಇನ್‌ಸ್ಟಾಗ್ರಾಂನ್ಯಾಗ ಥ್ಯಾಂಕ್ಸ್ ಹಾಕ್ತೇವ್ರಿ.’

‘500 ಅಲ್ಲಪಾ, 501. ಸಿನಿಮಾ ಸುರು ಆಗೂಕಿಂತ ಮೊದಲ ಬರ್ಲಿ. ಹೆಸರಿನ ಹಿಂದ ಸಮಾಜಸೇವಕರು ಅಂತ ಹಾಕು. ಫೋಟೊ ಕಳಸ್ತೀನಿ, ಗಾಗಲ್ ಹಾಕ್ಕೊಂಡಿದ್ದು.’

1885ರಲ್ಲಿ ಅಮೆರಿಕದವರು ಲಿಬರ್ಟಿ ಪ್ರತಿಮೆ ನಿಲ್ಲಿಸಲು ಪೀಠಕ್ಕೆ ದುಡ್ಡಿಲ್ಲದೆ ಕೂತಿದ್ದಾಗ, ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಓದುಗರಿಂದ 1 ಲಕ್ಷ ಡಾಲರ್ ಪಟ್ಟಿ ಎತ್ತಿದನಂತೆ. ಬಹಳಷ್ಟು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ; ಅಷ್ಟಕ್ಕೂ ಹೆಸರು ಪೇಪರಿನಲ್ಲಿ ಹಾಕಿದ. ನಮ್ಮಲ್ಲಾಗಿದ್ದರೆ ಆ ಹೆಣ್ಣುಮಗಳ ಕೈಯಲ್ಲಿ ದೀವಟಿಗೆ ಇರುತ್ತಿರಲಿಲ್ಲ. ಫ್ಲೆಕ್ಸ್ ಇರುತ್ತಿತ್ತು.

ಹೊರದೇಶದ ತಾಣಗಳಲ್ಲಿ ಕಿಕ್‌ಸ್ಟಾರ್ಟರ್ ಹೆಸರುವಾಸಿ, 2009ರಿಂದ ಇದೆ. ಇಟ್ಟ ಗುರಿ ಪೂರ್ತಿ ಮುಟ್ಟಿದರೆ ದುಡ್ಡು, ಇಲ್ಲದಿದ್ದರೆ ಒಂದು ಪೈಸೆಯೂ ಇಲ್ಲ. ಮುಟ್ಟಿದರೆ ಅವರ ಪಾಲು ನೂರಕ್ಕೆ 5, ಪಾವತಿಯ ಖರ್ಚು ಬೇರೆ. ಅಲ್ಲಿ ಗೆಲ್ಲುವವು ಹತ್ತರಲ್ಲಿ ಸುಮಾರು ನಾಲ್ಕು. ಗುರಿಯ ಐದನೇ ಒಂದು ಪಾಲು ದಾಟಿದವು ಹೆಚ್ಚಾಗಿ ದಡ ಸೇರುತ್ತವೆ, ಮುಳುಗುವವು ದಂಡೆಯಲ್ಲೇ ಮುಳುಗುತ್ತವೆ. ಅಂದರೆ ಮೊದಲ ಐದನೇ ಪಾಲನ್ನು ಮಾವಂದಿರು, ಮಾಂಶಿಯರು, ಹಳೇ ರೂಮ್‌ಮೇಟುಗಳು ಹಾಕಬೇಕು. ಆಮೇಲೆ ‘ಜನ’ ಬರುತ್ತಾರೆ. ಮಿರ್ಚಿ ಗಾಡಿಯ ಹಾಗೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಾಲ್ಕು ಜನ ನಿಂತ ಗಾಡಿಗೇ ಐದನೆಯವನು ಹೋಗುತ್ತಾನೆ, ಪಕ್ಕದ ಖಾಲಿ ಗಾಡಿಯಲ್ಲಿ ಗಿರ್ಮಿಟ್ ಎಷ್ಟೇ ರುಚಿಯಿದ್ದರೂ. ಇಷ್ಟಾಗಿ ಭಾರತದಲ್ಲಿ ಕೂತವನು ಕಿಕ್‌ಸ್ಟಾರ್ಟರಿನಲ್ಲಿ ಯೋಜನೆ ತೆರೆಯುವಂತೆಯೇ ಇಲ್ಲ. ನಮ್ಮ ದೇಶದ ತಾಣಗಳಿಗೆ ಹೋಗಬೇಕು. ಅಲ್ಲಿ ತಾಣದ ಪಾಲು, ದುಡ್ಡು ದಾಟಿಸುವ ಗೇಟ್‌ವೇ ಪಾಲು, ಆ ಪಾಲಿನ ಮೇಲೆ ನೂರಕ್ಕೆ 18 ಜಿಎಸ್‌ಟಿ.

ಆಮೇಲೆ ಹುಡುಗ ಲೆಕ್ಕಪತ್ರ ನೋಡುವವರೊಬ್ಬರ ಹತ್ತಿರ ಹೋದ. ಅವರು ಕೇಳಿದರು: ದುಡ್ಡು ಕೊಟ್ಟವರಿಗೆ ಪೋಸ್ಟರ್ ಕೊಡ್ತಿಯೇನು? ಕೊಡ್ತೀನ್ರಿ. ಹಂಗಾರ ಅದು ವ್ಯಾಪಾರ, ವ್ಯಾಪಾರದ ಲೆಕ್ಕ ಇಡು. ಕೊಡೂದಿಲ್ರಿ ಹಂಗಾರ. ಕೊಡದಿದ್ರ ಅದು ಉಡುಗೊರೆ. ಸಂಬಂಧಿಕರಲ್ಲದವರಿಂದ ವರ್ಷಕ್ಕ 50,000 ದಾಟ್ತಂದ್ರ ಪೂರ್ತಿ ಮೊತ್ತ ನಿನ್ನ ಆದಾಯಕ್ಕ ಸೇರ್ತದ. ಕೊಟ್ಟವರಿಗೆ ದಾನದ ತೆರಿಗಿ ರಿಯಾಯಿತಿ? ನೀ ಏನು ಧರ್ಮಾರ್ಥ ಸಂಸ್ಥಾ ಏನೋ? ಪರದೇಶದ ದೋಸ್ತರು ಕಳಿಸ್ತೇವಿ ಅಂತಾರ್ರಿ... ಅದರ ಸುದ್ದಿ ಇವತ್ತ ಬ್ಯಾಡ, ಊಟದ ಹೊತ್ತಾತು.

ಹುಡುಗ ಎದ್ದು ಬಾಗಿಲ ತನಕ ಬಂದಾಗ ಅವರು ಕರೆದು ಕೂರಿಸಿದರು. ‘ಒಂದ ಹಾದಿ ಅದ ನೋಡು. ಲಗ್ನದ ಉಡುಗೊರಿಗೆ ತೆರಿಗಿ ಇಲ್ಲ. ಎಷ್ಟ ಆಯಾರ ಬಂದ್ರೂ ಇಲ್ಲ.’

ಆವತ್ತಿನಿಂದ ನಾನು ಈ ಮಾತನ್ನೇ ಮೆಲುಕು ಹಾಕುತ್ತಿದ್ದೇನೆ. ಏನು ದೂರದೃಷ್ಟಿ ನಮ್ಮ ಕಾನೂನಿನದ್ದು! ಹುಡುಗ ಸಿನಿಮಾ ಮಾಡಿದರೆ ಅನುಮಾನ, ಮದುವೆ ಮಾಡಿಕೊಂಡರೆ ವಿನಾಯಿತಿ. ಹಾಗಾದರೆ ಪ್ರತಿ ಸಾಕ್ಷ್ಯಚಿತ್ರಕ್ಕೂ ಕಲಾವಿದ ಒಂದು ಮದುವೆ ಆಗಬೇಕು. ಕಿರುಚಿತ್ರಕ್ಕೆ ನಿಶ್ಚಿತಾರ್ಥ ಸಾಕೇನೋ. ಅಕ್ಕಿಕಾಳು ಹಾಕಿದವರೆಲ್ಲ ಸಹನಿರ್ಮಾಪಕರು. ಮೇಲಾಗಿ ನಮ್ಮ ಜನ ಮದುವೆಯಲ್ಲಿ ಕವರ್ ಕೊಡುವಾಗ ‘ಲಿಂಕ್ ಕಳಸ್ರಿ’ ಅನ್ನುವುದಿಲ್ಲ. ಹುಡುಗಿ ಕೆಲಸದಲ್ಲಿದ್ದಾಳೋ, ಹುಡುಗ ಕುಡಿಯುತ್ತಾನೋ, ಈ ಮದುವೆ ನೂರು ದಿನ ಓಡುತ್ತದೋ, ಒಬ್ಬರೂ ಕೇಳುವುದಿಲ್ಲ. ಪೂರ್ತಿ ನಂಬಿಕೆಯ ಮೇಲೆ ಹೂಡಿಕೆ. ಹೋಳಿಗೆ ತಿಂದು ಹೋಗುತ್ತಾರೆ.

ಮೊನ್ನೆ ಗಣಪತಿ ಪಟ್ಟಿಗೆ ಓಣಿಯ ಹುಡುಗರು ಬಂದಿದ್ದರು. ಪಾವತಿ ಪುಸ್ತಕದ ಹಾಳೆ ಮೊದಲೇ ಹರಿದಿದ್ದರು: 1,001. ನನ್ನ ಹೆಸರೂ ಬರೆದಿದ್ದರು, ತಪ್ಪಾಗಿ. ಕೊಟ್ಟೆ. ಕೊಡದೆ ಏನು ಮಾಡಲಿ, ಡಿಜೆ ನಮ್ಮ ಕಿಟಕಿಯ ಕೆಳಗೇ ಇಡುತ್ತಾರೆ. ಒಂದೇ ಸಂಜೆಯಲ್ಲಿ ನಾಲ್ಕು ಓಣಿಗಳಲ್ಲಿ ಅವರು ಎತ್ತಿದ್ದು ಎಷ್ಟು ಅಂತ ಕೇಳಿದೆ. ನಮ್ಮ ಸಾಕ್ಷ್ಯಚಿತ್ರದ ಹುಡುಗ ಇಪ್ಪತ್ತು ದಿನದಲ್ಲಿ ಕೂಡಿಸಿದ್ದಕ್ಕಿಂತ ಹೆಚ್ಚು. ಅವರ ಹತ್ತಿರ ರಿವಾರ್ಡ್ ಇಲ್ಲ, ಟೀಸರ್ ಇಲ್ಲ, ಸಬ್‌ಟೈಟಲ್ ಇಲ್ಲ. ಇರುವುದು ಆರು ಜನ ಮತ್ತು ಒಂದು ನೋಟ.

ಎಲ್ಲವನ್ನೂ ಹೀಗೇ ಮಾಡಿಬಿಡಬಹುದಲ್ಲ ಅಂತ ನನಗೂ ಉತ್ಸಾಹ ಬಂತು. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನ ಫ್ಲೈಓವರಿಗೂ ಒಂದು ಲಿಂಕ್. 500 ಕೊಟ್ಟವರ ಹೆಸರು ಒಂದು ಸಣ್ಣ ಗುಂಡಿಗೆ, 10,000ಕ್ಕೆ ಸ್ಕೂಟರ್ ಮುಳುಗುವಂಥದ್ದಕ್ಕೆ. ಗುರಿ ಮುಟ್ಟದಿದ್ದರೆ ಧೂಳು ವಾಪಸ್. ಮುಖ್ಯ ಅತಿಥಿಗಳ ಕಾರಿನ ಡೀಸೆಲ್ಲಿಗೆ ಇನ್ನೊಂದು ಲಿಂಕ್. ಇಲ್ಲ, ಅದಕ್ಕೆಲ್ಲ ಬಜೆಟ್ ಇದೆ ಅನ್ನುತ್ತಾರೆ. ಸ್ವಾಭಿಮಾನ ಬೇಕಾಗಿರುವುದು ಹಾಡುವವನಿಗೆ, ಕುಣಿಯುವವನಿಗೆ, ಬರೆಯುವವನಿಗೆ ಮಾತ್ರ.

ನಗು ಬರುತ್ತಿಲ್ಲ ನನಗೆ, ನಿಜ ಹೇಳಬೇಕೆಂದರೆ. ಒಂದು ಸಿನಿಮಾ, ಒಂದು ಪುಸ್ತಕ, ಒಂದು ಆಲ್ಬಂ, ಇಷ್ಟನ್ನು ಜನ ಕೂಡಿ ಎತ್ತಬಲ್ಲರು, ಎತ್ತಿದ್ದಾರೆ. ಸೋರುವ ರಂಗಮಂದಿರದ ಮಾಡು ಎತ್ತಲು ಅವರಿಂದ ಆಗುವುದಿಲ್ಲ. ಮೂರು ಹಲ್ಲಿನ ಮುದುಕನ ಬಿಪಿ ಗುಳಿಗೆಯನ್ನು ತಿಂಗಳು ತಿಂಗಳು ಕೊಡಿಸಲು ಆಗುವುದಿಲ್ಲ. ಅದಕ್ಕೆ ತೆರಿಗೆ ಕಟ್ಟುತ್ತೇವೆ. ಜಗತ್ತಿನ ಅತಿ ದೊಡ್ಡ ಕ್ರೌಡ್‌ಫಂಡಿಂಗ್ ಅದೇ, ಮತ್ತು ಅದರಲ್ಲಿ ಯಾರಿಗೂ ‘ನೋಡೂಣು’ ಅನ್ನುವ ಸವಲತ್ತು ಇಲ್ಲ. ಆ ದುಡ್ಡು ತಗೊಂಡು, ಹಾರ ಹಾಕಿಸಿಕೊಂಡು, ಎರಡು ತಾಸು ಕಾಯಿಸಿ, ‘ನಿಮ್ಮದು ನೀವು ನೋಡಿಕೊಳ್ಳಿ’ ಅನ್ನುತ್ತಾರಲ್ಲ, ಅದನ್ನು ಕೇಳಿ ಅಲ್ಲಿದ್ದ ನಾವೆಲ್ಲ ಚಪ್ಪಾಳೆ ಹೊಡೆದೆವಲ್ಲ. ನಾನೂ ಹೊಡೆದೆ. ಊಟ ಇತ್ತು.

ಹುಡುಗ ಈಗ ಶೂಟಿಂಗ್ ಮಾಡುತ್ತಿಲ್ಲ. ಬೆಳಿಗ್ಗೆ ಪೋಸ್ಟರ್, ಮಧ್ಯಾಹ್ನ ರೀಲ್ಸ್, ಸಂಜೆ ‘ಇನ್ನು ಕೇವಲ ಒಂಬತ್ತು ದಿನ’ ಎಂಬ ಸಂದೇಶ. ಕ್ಯಾಮೆರಾ ಚೀಲದಲ್ಲಿದೆ. ಅತ್ತ ಮುದುಕ ಫೋನ್ ಮಾಡಿ ಕೇಳುತ್ತಿದ್ದಾನಂತೆ, ಕಿರೀಟ ಮುಗಿಸಲೋ, ನೀ ಬರೂತನಕ ತಡೀಲೋ ಅಂತ.

ಹುಡುಗನ ತಾಯಿ ಮಾತ್ರ ಲೆಕ್ಕಪತ್ರದವರ ಸಲಹೆಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದಾಳೆ. ಭಾನುವಾರ ಹಾವೇರಿಗೆ ಒಂದು ಸಂಬಂಧ ನೋಡಲು ಹೋಗಿದ್ದರು. ಉಪ್ಪಿಟ್ಟು, ಶಿರಾ, ಚಾ ಎಲ್ಲ ಚೆನ್ನಾಗಿ ಆಯಿತು. ಹುಡುಗಿಯ ತಂದೆ ಕಪ್ಪು ಕೆಳಗಿಟ್ಟು ಕೇಳಿದರು:

‘ಹುಡುಗ ಏನ್ ಮಾಡ್ತಾನ್ರಿ?’

‘ಸಾಕ್ಷ್ಯಚಿತ್ರ ಮಾಡ್ತಾನ್ರಿ.’

‘ಹೌದ್ರಿ? ಭಾಳ ಚಲೋ ಆತು. ಬಯೋಡೇಟಾ ಕಳಸ್ರಿ, ನೋಡೂಣು.’