ಪಿಕಳಾರಕ್ಕೆ ಮುದ್ದು, ಬಾವಲಿಗೆ ಡಬ್ಬದ ಸದ್ದು

ನಮ್ಮನೆ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ವಾರವಾಯಿತು. ಅದೇ, ಕಪ್ಪು ಜುಟ್ಟು, ಕಣ್ಣ ಹಿಂದೆ ಕೆಂಪು ಮೀಸೆ. ಮನೆಯವರೆಲ್ಲ ಆ ಕಡೆ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದಾರೆ. ಇದೇ ಜನ ರಾತ್ರಿ ಪೇರಲೆ ಮರಕ್ಕೆ ಬಾವಲಿ ಬಂದರೆ ಡಬ್ಬ ಬಡಿಯುತ್ತಾರೆ. ನಾನೂ ಬಡಿದಿದ್ದೇನೆ, ಸುಳ್ಳು ಯಾಕೆ.

ಈ ಪಿಕಳಾರ ಮಾರಿಷಸ್‌ನಲ್ಲೂ ಇದೆ. ಅಲ್ಲಿಯದಲ್ಲ. 1892ರಲ್ಲಿ ಯಾರೋ ಚೆಂದಕ್ಕೆ ತಂದು ಸಾಕಿದ್ದು. ಪಂಜರದಿಂದ ಹೊರಗೆ ಬಿದ್ದದ್ದೇ ತಡ, ದ್ವೀಪವಿಡೀ ಅದರದ್ದೇ ಆಯಿತು. ತೋಟ, ಬೇಲಿ, ಪೇಟೆ, ಎಲ್ಲಾದರೂ ಸೈ.

ಅಷ್ಟು ಹೊತ್ತಿಗೆ ಅಲ್ಲಿನ ಒಂದು ಪುಟ್ಟ ಹಣ್ಣುಬಾವಲಿಯ ಕಥೆ ಮುಗಿದೇ ಹೋಗಿತ್ತು. ಮಾರಿಷಸ್ ಮತ್ತು ಪಕ್ಕದ ರಿಯೂನಿಯನ್ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ. ಕೊರಳ ಸುತ್ತ ಕೆಂಪು ಕೂದಲು. ಫ್ರೆಂಚರು ರೂಜೆತ್ ಎಂದರು. ನಮ್ಮ ಮಾತಲ್ಲಿ ಕೆಂಪಿ ಅನ್ನಿ, ಹಸುವಿಗೆ ಇಡ್ತೇವಲ್ಲ, ಹಾಗೆ. ಕೆಂಪಿಗೆ ಬಯಲಲ್ಲಿ ನೇತಾಡಿ ಗೊತ್ತಿಲ್ಲ, ಹಳೇ ಮರದ ಪೊಟರೆಯೇ ಆಗಬೇಕು. ಒಂದೇ ಪೊಟರೆಯಲ್ಲಿ 400ರವರೆಗೂ ಇರುತ್ತಿದ್ದವಂತೆ. ರಿಯೂನಿಯನ್‌ನ ಲಾ ನ್ಯೂ ಎಂಬಾತ 1772ರಲ್ಲೇ ಇವುಗಳ ಬಗ್ಗೆ ಬರೆದಿದ್ದಾನೆ. ಮಾಂಸಕ್ಕೂ ಕೊಬ್ಬಿಗೂ ಹಿಡಿಯುವವರಿಗೆ ಇನ್ನೇನು ಬೇಕು? ಒಂದು ಪೊಟರೆ ಸಿಕ್ಕರೆ ಇಡೀ ಸಂಸಾರವೇ ಸಿಕ್ಕಂತೆ. ಜೊತೆಗೆ ಹಳೇ ಮರಗಳಿಗೂ ಕೊಡಲಿ ಬಿತ್ತು. ಹಣ್ಣುಬಾವಲಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. 19ನೇ ಶತಮಾನದಲ್ಲೇ ಪೂರ್ತಿ ಅಳಿಯಿತು.

ಪಿಕಳಾರದ ತಪ್ಪೇನಿಲ್ಲ, ಅದು ಬಂದದ್ದೇ ಆಮೇಲೆ. ಆದರೆ ಆ ಪುಟ್ಟ ಕೊಕ್ಕಿನಲ್ಲಿ ಬಾವಲಿಯ ಕೆಲಸ ಆಗಲ್ಲ. ದೊಡ್ಡ ಹಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ದೂರ ಒಯ್ದು ಬೀಜ ಬೀಳಿಸುವುದು ಬಾವಲಿ. ಪಿಕಳಾರ ನುಂಗುವುದು ಸಣ್ಣ ಸಣ್ಣ ಹಣ್ಣು. ಅಲ್ಲಿ ಅದು ಜಾಸ್ತಿ ಹರಡಿದ್ದು ಹೊರಗಿಂದ ಬಂದ ಕಳೆಗಿಡಗಳನ್ನೇ.

ಮಾರಿಷಸ್‌ನಲ್ಲಿ ಉಳಿದಿರುವ ಇನ್ನೊಂದು ಬಾವಲಿಯನ್ನು, ಲಿಚಿ, ಮಾವು ತಿನ್ನುತ್ತದೆಂದು, 2015ರಿಂದೀಚೆ ಸರ್ಕಾರವೇ ಸಾವಿರಗಟ್ಟಲೆ ಕೊಲ್ಲಿಸಿದೆ. ನಗಬೇಡಿ, 2022ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುವವರೆಗೂ ನಮ್ಮ ದೇಶದಲ್ಲೂ ಹಣ್ಣುಬಾವಲಿ ಇಲಿ, ಕಾಗೆಗಳ ಜೊತೆ ಪೀಡೆ ಪಟ್ಟಿಯಲ್ಲೇ ಇತ್ತು. ಅದೂ ಇಂಪಾಗಿ ಹಾಡಿದ್ದರೆ ಇಷ್ಟು ಸಿಟ್ಟು ಇರ್ತಿತ್ತಾ?

ನಮ್ಮಜ್ಜಿ ಬಾವಲಿಗೆ ದಿನಾ ಶಾಪ ಹಾಕುತ್ತಿದ್ದರು. ಬೆಳಗಾದರೆ ಅದು ಸಿಪ್ಪೆ ಚೀಪಿ ಉದುರಿಸಿದ ಅಡಿಕೆಯನ್ನು ಮಾತ್ರ ಒಂದೂ ಬಿಡದೆ ಸೆರಗಿಗೆ ಹೆಕ್ಕಿಕೊಳ್ಳುತ್ತಿದ್ದರು.