ವಿಸಿಟ್ ವೀಸಾದಲ್ಲಿ ಗಲ್ಫ್ ಕೆಲ್ಸ: ಸತ್ಯಾಂಶ

ಬೆಳ್ತಂಗಡಿ, ಬೈಂದೂರು ಕಡೆ ಪಿಯುಸಿ ಮುಗ್ಸಿದ ಮಕ್ಕಳ ಗ್ರೂಪಲ್ಲಿ ಒಂದು ಮೆಸೇಜ್ ತಿರುಗ್ತಾನೇ ಉಂಟು, ವಿಸಿಟ್ ವೀಸಾದಲ್ಲಿ ಗಲ್ಫಿಗೆ ಹೋದ್ರೆ ಸಾಕು ಮರುದಿನದಿಂದ್ಲೇ ಕೆಲ್ಸ ಅಂತ. ಅದು ಸರಿ ಅಲ್ಲ. ವಿಸಿಟ್ ವೀಸಾದಲ್ಲಿ ದುಡಿಯೋದು ಅಲ್ಲಿ ಕಾನೂನು ಪ್ರಕಾರ ತಪ್ಪು, ಸಿಕ್ಕಿಬಿದ್ರೆ ದಂಡ ಕಟ್ಬೇಕು, ಊರಿಗೆ ವಾಪಸ್ ಕಳಿಸ್ಲೂಬಹುದು, ಸಂಬಳ ಕೊಡದಿದ್ರೆ ಕೇಳ್ಲಿಕ್ಕೆ ಕೈಯಲ್ಲಿ ಒಂದು ಕಾಗದವೂ ಇರೋದಿಲ್ಲ. ಆ ಮೆಸೇಜ್ ಕಳಿಸಿದವ್ರನ್ನ ಬೈಬೇಡಿ, ಮಾವನೋ ಭಾವನೋ ದುಬೈಯಲ್ಲಿರೋ ಊರಲ್ಲಿ ಯಾರಿಗಾದ್ರೂ ನಂಬಿಕೆ ಬರ್ತದೆ. ಚೆಕ್ ಮಾಡೋದು ಸುಲಭ ಮಾರಾಯ್ರೆ, ಕೆಲ್ಸಕ್ಕೆ ಕಳಿಸೋ ಏಜೆಂಟ್ ಹತ್ರ ಲೈಸೆನ್ಸ್ ನಂಬರ್ ಕೇಳಿ, ನೋಂದಣಿ ಆದ ಏಜೆಂಟರ ಪಟ್ಟಿ ಇರೋ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಹುಡುಕಿ. ನೋಂದಣಿ ಆದ ಏಜೆಂಟ್ ತಗೊಳ್ಬಹುದಾದ ಸರ್ವಿಸ್ ಚಾರ್ಜ್ ಹೆಚ್ಚಂದ್ರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡ್ಬೇಕು. ಮತ್ತೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಡುವ ಮೊದ್ಲು ವೀಸಾ ಕಾಪಿ ಕೇಳಿ ನೋಡಿ, ಅದ್ರಲ್ಲಿ ವಿಸಿಟ್ ಅಥವಾ ಟೂರಿಸ್ಟ್ ಅಂತ ಬರ್ದುಂಟಾ ಎಂಪ್ಲಾಯ್‌ಮೆಂಟ್ ಅಂತಾ.